ನಾಣ್ಯದ ಮೈಯಲ್ಲಿ ಉಳಿದದ್ದೆಷ್ಟು?



‘ನಮ್ಮ ಮನ್ಯಾಗ ಹಳೇ ನಾಣ್ಯ ಅದಾವ್ರಿ, ಎಷ್ಟ ಬರತೈತಿ?’ ವಿಜಯಪುರದ ಗಾಂಧಿ ಚೌಕದಲ್ಲಾಗಲಿ, ತಿಕೋಟಾದ ಒಣದ್ರಾಕ್ಷಿ ಶೆಡ್ಡಿನ ಮುಂದಾಗಲಿ, ಬಬಲೇಶ್ವರದ ಬಸ್‌ಸ್ಟ್ಯಾಂಡಿನಲ್ಲಾಗಲಿ, ನಾಣ್ಯ ಕೂಡಿಡುವವನೆಂದು ಗೊತ್ತಾದರೆ ಸಾಕು, ಜನ ಕೇಳುವ ಮೊದಲ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಪ್ರಶ್ನೆಯ ಹಿಂದೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿರುತ್ತದೆ: ನಾಣ್ಯ ಹಳೆಯದಾದಷ್ಟೂ ಬೆಲೆ ಹೆಚ್ಚು ಎಂದು. ಅದನ್ನು ಪರೀಕ್ಷಿಸುವುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ವಿಜಯಪುರವನ್ನು, ಆಗಿನ ಬಿಜಾಪುರವನ್ನು, ಆಳಿದ ಆದಿಲ್‌ಶಾಹಿ ಅರಸರ ನಾಣ್ಯಗಳೇ ಸಾಕು.

ಗೋಲಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹ 1627ರಿಂದ 1656ರವರೆಗೆ ಆಳಿದ. ಬಬಲೇಶ್ವರ ತಾಲೂಕಿನ ಮಮದಾಪುರದ ದೊಡ್ಡ ಕೆರೆ ಅವನ ಕಾಲದ್ದು, ಊರಿಗೆ ಹೆಸರು ಬಂದದ್ದೂ ಅವನಿಂದಲೇ. ಅವನ ತಾಮ್ರದ ನಾಣ್ಯಗಳಿಗೆ ಈಗ ಮುನ್ನೂರೈವತ್ತು ವರ್ಷ ದಾಟಿದೆ. ಆದರೂ ಸಾಧಾರಣ ಸ್ಥಿತಿಯಲ್ಲಿರುವ ಒಂದು ನಾಣ್ಯ ಇವತ್ತು ಕೆಲವು ನೂರು ರೂಪಾಯಿಗೆ ಸಿಕ್ಕುಬಿಡುತ್ತದೆ. ಇನ್ನೊಂದು ಕಡೆ 1939ರ ಇಸವಿಯ ಆರನೇ ಜಾರ್ಜ್ ರೂಪಾಯಿ ಇದೆ. ಇನ್ನೂ ನೂರು ವರ್ಷ ತುಂಬದ ಆ ನಾಣ್ಯ ಅಸಲಿಯಾದರೆ ಅದರ ಬೆಲೆ ಆದಿಲ್‌ಶಾಹಿ ತಾಮ್ರದ ನೂರಾರು ಪಟ್ಟು. ಆದಿಲ್‌ಶಾಹಿ ತಾಮ್ರ ರಾಶಿರಾಶಿಯಾಗಿ ಅಚ್ಚಾಗಿ, ಮಣ್ಣಿನಲ್ಲಿ, ಮಡಕೆಯಲ್ಲಿ ರಾಶಿಯಾಗಿಯೇ ಉಳಿದುಕೊಂಡಿತು. 1939ರ ರೂಪಾಯಿ ಜನರ ಕೈಗೆ ಬಂದದ್ದೇ ಬಹಳ ಕಡಿಮೆ. ವಿರಳವೆಂದು ಎಲ್ಲರಿಗೂ ಗೊತ್ತಿರುವುದರಿಂದ ನಕಲಿಯೂ ಬೇಕಾದಷ್ಟು ಓಡಾಡುತ್ತದೆ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಹಾಗಾದರೆ ನೋಡಬೇಕಾದದ್ದು ಎರಡು. ಇಂಥ ನಾಣ್ಯ ಇನ್ನೆಷ್ಟು ಉಳಿದಿವೆ? ನಮ್ಮ ಕೈಯಲ್ಲಿರುವುದರ ಮೈಯಲ್ಲಿ ಉಳಿದದ್ದೆಷ್ಟು? ಮೊದಲನೆಯದಕ್ಕೆ ಉತ್ತರ ಪುಸ್ತಕದಲ್ಲಿ, ಹರಾಜಿನ ದಾಖಲೆಗಳಲ್ಲಿ ಸಿಗುತ್ತದೆ. ಎರಡನೆಯದಕ್ಕೆ ಕಣ್ಣು ಪಳಗಬೇಕು. ಇವತ್ತಿನ ನನ್ನ ಮಾತು ಹೆಚ್ಚಾಗಿ ಈ ಎರಡನೆಯದರ ಮೇಲೆ.

ಆದಿಲ್‌ಶಾಹಿ ನಾಣ್ಯವನ್ನು ಕೈಗೆತ್ತಿಕೊಂಡವರಿಗೆ ಮೊದಲು ಎದುರಾಗುವ ತೊಡಕು ಒಂದಿದೆ. ಅಕ್ಷರ ಅರ್ಧಂಬರ್ಧ ಕಾಣುತ್ತದೆ, ಒಂದು ಬದಿ ಪೂರ್ತಿ ಖಾಲಿ. ‘ಸವದು ಹೋಗೇತಿ’ ಎಂದು ಬದಿಗಿಡುತ್ತೇವೆ. ಆದರೆ ಆ ಕಾಲದ ಟಂಕಸಾಲೆಯಲ್ಲಿ ಅಚ್ಚು ದೊಡ್ಡದು, ಲೋಹದ ಬಿಲ್ಲೆ ಚಿಕ್ಕದು. ಸುತ್ತಿಗೆಯ ಒಂದೇ ಪೆಟ್ಟಿಗೆ ಅಚ್ಚಿನ ಯಾವ ಭಾಗ ಬಿಲ್ಲೆಯ ಮೇಲೆ ಬಿತ್ತೋ ಅಷ್ಟೇ ಮೂಡಿತು. ಮೂಡದೆ ಹೋದದ್ದು ಬೇರೆ, ಮೂಡಿ ಸವೆದದ್ದು ಬೇರೆ. ಇವೆರಡನ್ನು ಬೇರ್ಪಡಿಸಲು ಬಂದರೆ ನಾಣ್ಯ ಪರೀಕ್ಷೆಯ ಅರ್ಧ ವಿದ್ಯೆ ಕೈಗೆ ಬಂದ ಹಾಗೆ. ಇರುವ ಅಕ್ಷರದ ಅಂಚು ನೋಡಿ. ಗೆರೆ ಚೂಪಾಗಿ, ಮೇಲೆದ್ದು, ಬೆರಳಿನ ತುದಿಗೆ ಸಿಗುವಂತಿದ್ದರೆ ನಾಣ್ಯ ಹೆಚ್ಚು ಓಡಾಡಿಲ್ಲ. ಕಾಣದ ಭಾಗ ಮೂಲದಲ್ಲೇ ಬಿದ್ದಿಲ್ಲ. ಇರುವ ಅಕ್ಷರವೂ ಮೊಂಡಾಗಿ ನೆಲಕ್ಕೆ ಒರಗಿದ್ದರೆ ಅದು ಕೈಯಿಂದ ಕೈಗೆ ತಿರುಗಿ ಸವೆದದ್ದು. ಎರಡೂ ಇದ್ದರೆ ಎರಡಕ್ಕೂ ಬೆಲೆ ಇಳಿಯುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ತಾಮ್ರದ ನಾಣ್ಯದಲ್ಲಿ ಅವನ ‘ಅಬಲಾ ಬಲಿ’ ಎಂಬ ಬಿರುದು ಪೂರ್ತಿ ಬಿದ್ದಿದ್ದರೆ ಸಂಗ್ರಾಹಕರು ಎರಡು ಪಟ್ಟು, ಮೂರು ಪಟ್ಟು ಕೊಟ್ಟು ಕೊಳ್ಳುತ್ತಾರೆ. 1599ರಲ್ಲಿ ತಿಕೋಟಾ ದಾರಿಯ ತೊರವಿಯ ಬಳಿ ನವರಸಪುರ ಕಟ್ಟಲು ಹೊರಟ ಅರಸ ಅವನು. ಅವನ ಕಾಲದ ನಾಣ್ಯ ಹಿಡಿದು ಆ ಹಾಳುಗೋಡೆಗಳ ನಡುವೆ ಒಮ್ಮೆ ಓಡಾಡಿ ಬನ್ನಿ ಎಂದು ಎಳೆಯರಿಗೆ ಹೇಳಬೇಕೆನಿಸುತ್ತದೆ.

ಆದಿಲ್‌ಶಾಹಿ ಬೆಳ್ಳಿಯ ವಿಷಯ ಇನ್ನೂ ಸ್ವಾರಸ್ಯದ್ದು. ಎರಡನೆಯ ಅಲಿ ಆದಿಲ್‌ಶಾಹ ಹೊರಡಿಸಿದ ‘ಲಾರಿ’ ದುಂಡಗೂ ಇಲ್ಲ, ಚೌಕವೂ ಅಲ್ಲ. ಬೆಳ್ಳಿಯ ತಂತಿಯನ್ನು ನಡುವಿಗೆ ಮಡಚಿ, ಎರಡೂ ಮೈಗೆ ಠಸ್ಸೆ ಒತ್ತಿದ್ದು ಅದು. ಹೆಸರು ಪರ್ಶಿಯಾದ ಲಾರ್ ಎಂಬ ಊರಿನಿಂದ ಬಂತು. ಅರಬ್ಬೀ ಸಮುದ್ರದ ವ್ಯಾಪಾರದಲ್ಲಿ ಎಲ್ಲ ರೇವುಗಳಲ್ಲೂ ನಡೆಯುತ್ತಿದ್ದ ಹಣವಾದ್ದರಿಂದ ಬಿಜಾಪುರದ ಅರಸರೂ ಅದನ್ನೇ ತಮ್ಮ ಕೊಂಕಣದ ವ್ಯಾಪಾರಕ್ಕೆ ಒಗ್ಗಿಸಿಕೊಂಡರು. ತೂಕ ಐದು ಗ್ರಾಮಿಗೆ ತುಸು ಕಡಿಮೆ. ಇದನ್ನು ಕಂಡ ಎಷ್ಟೋ ಜನರಿಗೆ ಇದು ನಾಣ್ಯವೆಂದೇ ತೋಚುವುದಿಲ್ಲ. ಮುರಿದ ಒಡವೆಯ ತುಂಡೆಂದು ಕರಗಿಸಲು ಕೊಟ್ಟರೆ ಐದು ಗ್ರಾಮ್ ಬೆಳ್ಳಿಯ ದುಡ್ಡು ಬರುತ್ತದೆ, ಅಷ್ಟೇ. ಮಡಿಕೆ ಮುರಿಯದೆ, ಎರಡೂ ಕಾಲು ನೇರವಾಗಿದ್ದು, ಠಸ್ಸೆಯಲ್ಲಿ ಇಸವಿ ಓದಲು ಬರುವಂತಿದ್ದರೆ ಅದೇ ತುಂಡಿಗೆ ಹಲವು ಪಟ್ಟು ಬೆಲೆ. ನೆಟ್ಟಗೆ ಮಾಡೋಣವೆಂದು ಬಗ್ಗಿಸಿದರೆ ಮಡಿಕೆಯಲ್ಲಿ ಬಿರುಕು ಬರುತ್ತದೆ. ದಯವಿಟ್ಟು ಅದರ ಗೊಡವೆಗೆ ಹೋಗಬೇಡಿ.

1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಇಲ್ಲಿನ ಟಂಕಸಾಲೆಯಿಂದ ಮೊಗಲರ ಬೆಳ್ಳಿ ರೂಪಾಯಿಗಳು ಹೊರಬಂದವು. ಅವುಗಳ ಮೇಲೆ ಊರಿನ ಹೆಸರು ‘ದಾರುಜ್ಜಫರ್ ಬಿಜಾಪುರ’. 1707ರಲ್ಲಿ ಅವನು ತೀರಿಕೊಂಡ ಮೇಲೆ ಮಗ ಕಾಮಬಕ್ಷ ತಾನೇ ಬಾದಶಹನೆಂದು ಸಾರಿ ತನ್ನ ಹೆಸರಿನಲ್ಲಿ ನಾಣ್ಯ ಹಾಕಿಸಿದ. 1709ರ ಆರಂಭದಲ್ಲಿ ಹೈದರಾಬಾದಿನ ಹತ್ತಿರ ಅಣ್ಣನ ಸೈನ್ಯದೊಡನೆ ಕಾದು ಸತ್ತ. ಊರು ಅದೇ, ಬೆಳ್ಳಿ ಅದೇ, ತೂಕ ಹೆಚ್ಚುಕಡಿಮೆ ಅಷ್ಟೇ. ಆದರೂ ತಂದೆಯ ರೂಪಾಯಿಗೂ ಮಗನ ರೂಪಾಯಿಗೂ ಬೆಲೆಯಲ್ಲಿ ಅಜಗಜಾಂತರ. ಎರಡು ವರ್ಷವೂ ನೆಟ್ಟಗೆ ಆಳದವನ ನಾಣ್ಯ ಎಷ್ಟು ಉಳಿದೀತು? ಈ ರೂಪಾಯಿಗಳ ಮೇಲೆ ಸಣ್ಣ ಸಣ್ಣ ಗುಂಡಿ, ಚಿಹ್ನೆ ಕಾಣುವುದುಂಟು. ಅವು ಆಗಿನ ಸರಾಫರು ಬೆಳ್ಳಿಯ ಅಸಲಿತನ ನೋಡಲು ಹೊಡೆದ ಗುರುತುಗಳು. ಇತಿಹಾಸವಾಗಿ ನನಗೆ ಅವು ಬಹಳ ಇಷ್ಟ. ಆದರೆ ದರ್ಜೆ ಕಟ್ಟುವಾಗ ಅವು ಕುಂದೇ. ಅರಸನ ಹೆಸರಿನ ಮೇಲೋ ಟಂಕಸಾಲೆಯ ಹೆಸರಿನ ಮೇಲೋ ಬಿದ್ದಿದ್ದರೆ ದೊಡ್ಡ ಕುಂದು.

ಇನ್ನು ಎಲ್ಲರ ಮನೆಯಲ್ಲೂ ಇರುವ, ಬ್ರಿಟಿಷರ ಕಾಲದ ‘ರಾಣಿ ಛಾಪಿನ’, ‘ರಾಜಾ ಛಾಪಿನ’ ರೂಪಾಯಿಗೆ ಬರೋಣ. ಇದರ ತೂಕ 11.66 ಗ್ರಾಮ್. ನೂರಕ್ಕೆ ಸುಮಾರು 91.7 ಭಾಗ ಶುದ್ಧ ಬೆಳ್ಳಿ, ಅಂದರೆ ಹತ್ತು ಮುಕ್ಕಾಲು ಗ್ರಾಮಿಗೆ ಹತ್ತಿರ. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಎಲ್ಲರ ರೂಪಾಯಿಗೂ ಇದೇ ಲೆಕ್ಕ. ಯುದ್ಧಕಾಲದಲ್ಲಿ, 1940ರಿಂದ, ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಮಾರುವ ದಿನ ಒಂದು ಗ್ರಾಮ್ ಬೆಳ್ಳಿಗಿರುವ ಪೇಟೆ ದರವನ್ನು ಹತ್ತು ಮುಕ್ಕಾಲರಿಂದ ಗುಣಿಸಿ. 1940ಕ್ಕಿಂತ ಮುಂಚಿನ ನಿಮ್ಮ ರೂಪಾಯಿಯ ಬೆಲೆಯ ನೆಲ ಅದು. ಚೆನ್ನಾಗಿ ಸವೆದ, ಸಾಮಾನ್ಯ ಇಸವಿಯ ರೂಪಾಯಿ ಆ ನೆಲಕ್ಕಿಂತ ಹೆಚ್ಚೇನೂ ಏರುವುದಿಲ್ಲ. ಏರಬೇಕಾದರೆ ಮೈ ಉಳಿದಿರಬೇಕು.

ಮೈ ಉಳಿದಿದೆಯೇ ಎಂದು ನೋಡುವುದು ಎತ್ತರದ ಜಾಗಗಳಲ್ಲಿ, ಏಕೆಂದರೆ ಸವೆತ ಮೊದಲು ಅಲ್ಲಿಗೆ ಬರುತ್ತದೆ. ವಿಕ್ಟೋರಿಯಾ ಆದರೆ ಕೆನ್ನೆ, ಕಿವಿಯ ಮೇಲಿನ ಕೂದಲು, ಕಿರೀಟದ ಹರಳು, ಭುಜದ ಮೇಲಿನ ಉಡುಪಿನ ಹೂಬಳ್ಳಿ. ಎಡ್ವರ್ಡನಿಗೆ ಕಿರೀಟವಿಲ್ಲ; ಕಿವಿಯ ಮೇಲಿನ ಕೂದಲು, ಗಡ್ಡದ ಎಳೆ ನೋಡಿ. ಐದನೇ ಜಾರ್ಜ್ ಆದರೆ ಎದೆಯ ಮೇಲಿನ ಸರದಲ್ಲಿ ಪುಟ್ಟ ಆನೆ ಇದೆ. 1911ರಲ್ಲಿ ಅದರ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತೆಂದು ದೊಡ್ಡ ಗದ್ದಲವೆದ್ದು, ಸರಕಾರ ಆ ನಾಣ್ಯಗಳನ್ನು ಹಿಂದಕ್ಕೆ ಪಡೆದು ಕರಗಿಸಬೇಕಾಯಿತು. 1912ರಿಂದ ಆನೆಯನ್ನು ತಿದ್ದಿ ಹಾಕಿದರು. ಹಾಗಾಗಿ 1911ರದ್ದಕ್ಕೆ ಸ್ವಲ್ಪ ಹೆಚ್ಚು ಬೆಲೆ. ಆದರೆ ಫೋನಿಗೆ ಬರುವ ಜಾಹೀರಾತುಗಳು ಕೂಗಿ ಹೇಳುವಷ್ಟು ವಿರಳವೇನೂ ಅಲ್ಲ. ಉಳಿದ ಇಸವಿಗಳಲ್ಲಿ ಆ ಆನೆಯೇ ನಿಮ್ಮ ಅಳತೆಗೋಲು. ಸೊಂಡಿಲು, ಕಾಲು ಬೇರೆಬೇರೆಯಾಗಿ ಕಂಡರೆ ಒಳ್ಳೆಯ ದರ್ಜೆ. ಉಬ್ಬಿದ ಒಂದು ಮಚ್ಚೆ ಮಾತ್ರ ಉಳಿದಿದ್ದರೆ ಸಾಧಾರಣ.

ವಿಕ್ಟೋರಿಯಾ ರೂಪಾಯಿಯ ಇನ್ನೊಂದು ವಿಶೇಷವನ್ನೂ ಹೇಳಬೇಕು. 1862 ಎಂದು ಅಚ್ಚಿಟ್ಟ ರೂಪಾಯಿ ಅದೊಂದೇ ವರ್ಷದ್ದಲ್ಲ. ಹತ್ತು ವರ್ಷಕ್ಕೂ ಮೇಲೆ ಅದೇ ಇಸವಿ ಹಾಕುತ್ತ ಹೋದರು. ಕೆಳಗಿನ ಚುಕ್ಕಿಗಳನ್ನು ಎಣಿಸಿದರೆ ಮಾತ್ರ ಬಗೆ ಗೊತ್ತಾಗುತ್ತದೆ. ಒಂದು ಚುಕ್ಕಿ ಹೆಚ್ಚೋ ಕಡಿಮೆಯೋ ಆದರೆ ಬೆಲೆ ಬದಲಾಗುತ್ತದೆ. ಎರಡು ನೂರಕ್ಕೆ ಒಂದು ಭೂತಗನ್ನಡಿ ತೆಗೆದುಕೊಂಡು ಕೂತವರಿಗೆ ಇಲ್ಲಿ ನಿಜವಾದ ಸಂತೋಷ ಸಿಗುತ್ತದೆ.

ದರ್ಜೆಗಳ ಹೆಸರನ್ನು ಚುಟುಕಾಗಿ ಮುಗಿಸುತ್ತೇನೆ. ಸಂಗ್ರಾಹಕರು ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಅದರ ಮೇಲೆ ಯುಎನ್‌ಸಿ ಎನ್ನುತ್ತಾರೆ. ಫೈನ್ ಎಂದರೆ ಕನ್ನಡದ ಮನಸ್ಸಿಗೆ ‘ಚೆಂದ’ ಎಂದು ಕೇಳಿಸೀತು. ವ್ಯಾಪಾರದಲ್ಲಿ ಅದು ಸಾಕಷ್ಟು ಸವೆದ ನಾಣ್ಯ. ಯುಎನ್‌ಸಿ ಎಂದರೆ ಚಲಾವಣೆಯನ್ನೇ ಕಾಣದ್ದು. ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಒಂದರಿಂದ ಎಪ್ಪತ್ತರವರೆಗಿನ ಅಂಕಪಟ್ಟಿ ಮಾಡಿದ. ಅದೇ ಪಟ್ಟಿಯ ಆಧಾರದ ಮೇಲೆ ಪಿಸಿಜಿಎಸ್, ಎನ್‌ಜಿಸಿ ಎಂಬ ಅಲ್ಲಿನ ಸಂಸ್ಥೆಗಳು ನಾಣ್ಯಕ್ಕೆ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಅದಕ್ಕೆ ತಗಲುವ ಶುಲ್ಕ ಒಂದು ಸಾಮಾನ್ಯ ರೂಪಾಯಿಯ ಬೆಲೆಯನ್ನೇ ನುಂಗಿಬಿಡುತ್ತದೆ. ಬಹಳ ಬೆಲೆಯ ನಾಣ್ಯಕ್ಕೆ ಮಾತ್ರ ಆ ದಾರಿ.

ಈಗ ನನಗೆ ಅತ್ಯಂತ ಸಂಕಟ ಕೊಡುವ ವಿಷಯ. ದೀಪಾವಳಿಯ ಲಕ್ಷ್ಮೀಪೂಜೆಗೆ ಬೆಳ್ಳಿ ರೂಪಾಯಿಗಳನ್ನು ಪೆಟ್ಟಿಗೆಯಿಂದ ತೆಗೆದು ಹುಣಸೆಹಣ್ಣು, ಬೂದಿ, ಈಗೀಗ ಟೂತ್‌ಪೇಸ್ಟು ಹಚ್ಚಿ ತಿಕ್ಕಿ ಬೆಳಗುವ ರೂಢಿ ನಮ್ಮ ಕಡೆ ಮನೆಮನೆಯಲ್ಲಿದೆ. ಭಕ್ತಿಯಿಂದ ಮಾಡುವ ಕೆಲಸ, ನನಗೆ ಗೊತ್ತು. ಆದರೆ ಪ್ರತಿ ಸಲ ತಿಕ್ಕಿದಾಗಲೂ ಬೆಳ್ಳಿಯ ಮೇಲ್ಪದರ ಒಂದಿಷ್ಟು ಹೋಗುತ್ತದೆ. ಅಚ್ಚಿನಿಂದ ಬಂದ ಹೊಳಪು ಯಾವುದು, ತಿಕ್ಕಿದ ಹೊಳಪು ಯಾವುದು ಎಂದು ತಿಳಿಯುವುದು ಸುಲಭ. ಕಿಟಕಿಯ ಬೆಳಕಿಗೆ ನಾಣ್ಯವನ್ನು ಓರೆ ಹಿಡಿದು ಮೆಲ್ಲಗೆ ತಿರುಗಿಸಿ. ಅಚ್ಚಿನ ಹೊಳಪಾದರೆ ಬೆಳಕಿನ ಗೆರೆ ನಾಣ್ಯದ ಮೇಲೆ ಸುತ್ತುತ್ತ ಓಡುತ್ತದೆ. ತಿಕ್ಕಿದ್ದಾದರೆ ಎಲ್ಲ ಕಡೆ ಒಂದೇ ಸಮ ಬಿಳುಪು, ಬೆಳಕು ಅಲುಗುವುದಿಲ್ಲ. ಭೂತಗನ್ನಡಿಯಲ್ಲಿ ಕೂದಲೆಳೆಯಂಥ ಗೀರುಗಳ ಜಾಲ ಕಾಣುತ್ತದೆ. ಹೀಗೆ ತಿಕ್ಕಿದ ನಾಣ್ಯಕ್ಕೆ ದರ್ಜೆ ಕಟ್ಟುವ ಸಂಸ್ಥೆಗಳು ಅಂಕ ಕೊಡುವುದಿಲ್ಲ, ‘ಕ್ಲೀನ್ಡ್’ ಎಂದು ಬರೆದು ಬಿಡುತ್ತವೆ. ಕಾಲ ಕಳೆದಂತೆ ಬೆಳ್ಳಿಯ ಮೇಲೆ ಕೂರುವ ಕಪ್ಪು, ನೀಲಿ, ಬಂಗಾರದ ಛಾಯೆಯನ್ನು ಕೊಳೆಯೆಂದು ತಿಳಿಯಬೇಡಿ. ಆ ಬಣ್ಣ ಸಮನಾಗಿ ಹರಡಿದ್ದರೆ ನಾಣ್ಯವನ್ನು ಯಾರೂ ಮುಟ್ಟಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಪೂಜೆಗೆ ಬೇಕಾದರೆ ಹೊಸದೊಂದು ಬೆಳ್ಳಿ ನಾಣ್ಯ ತನ್ನಿ. ಅದನ್ನು ಎಷ್ಟು ಬೇಕಾದರೂ ಬೆಳಗಿ. ಹಿರಿಯರಿಂದ ಬಂದದ್ದಕ್ಕೆ ಕುಂಕುಮವನ್ನೂ ಹಚ್ಚದೆ ಎದುರಿಗಿಟ್ಟು ಕೈಮುಗಿದರೆ ಲಕ್ಷ್ಮಿಗೇನೂ ಕೋಪ ಬರಲಾರದು.

ಕೊಂಡಿ ಹಾಕಿಸಿದ ನಾಣ್ಯಗಳ ಮಾತು ಬೇರೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಹೆಣ್ಣುಮಕ್ಕಳ ಉಡುಪಿನಲ್ಲಿ, ಕೊರಳಿನ ಸರದಲ್ಲಿ ರೂಪಾಯಿ, ಎಂಟಾಣೆ, ಚಾರಾಣೆಗಳು ಸಾಲುಸಾಲಾಗಿ ಇರುತ್ತವೆ. ಬೇರೆ ಮನೆಗಳಲ್ಲೂ ರೂಪಾಯಿಗೆ ಬೆಸುಗೆ ಹಾಕಿ ಮಕ್ಕಳ ಕೊರಳಿಗೆ ಕಟ್ಟಿದ್ದುಂಟು. ತೂತು ಬಿದ್ದ, ಬೆಸುಗೆ ಕಂಡ ನಾಣ್ಯ ಬಿಡಿಯಾಗಿ ಮಾರುಕಟ್ಟೆಗೆ ಬಂದರೆ ಬೆಳ್ಳಿಯ ತೂಕಕ್ಕೆ ಇಳಿಯುತ್ತದೆ. ಕೊಂಡಿ ಕಿತ್ತು ಉಜ್ಜಿದರೂ ಅಂಚಿನಲ್ಲಿ ಕಲೆ ಉಳಿದೇ ಉಳಿಯುತ್ತದೆ. ಆದರೆ ಇಡೀ ಒಡವೆಯಾಗಿ ಅದಕ್ಕೆ ಬೇರೊಂದು ಮೌಲ್ಯವಿದೆ. ಯಾವ ಕಾಲದಲ್ಲಿ ಯಾವ ನಾಣ್ಯ ಆ ತಾಂಡಾಕ್ಕೆ ಬಂತು, ಯಾವ ಅಜ್ಜಿ ಯಾವ ಕ್ರಮದಲ್ಲಿ ಅವನ್ನು ಪೋಣಿಸಿದಳು, ಇದೆಲ್ಲ ಆ ಸರದಲ್ಲಿ ಬರೆದಿದೆ. ಊರೂರು ಸುತ್ತುವ ವ್ಯಾಪಾರಿ ಬಂದು ನಾಲ್ಕು ನಾಣ್ಯ ಬಿಚ್ಚಿಕೊಡಿ ಎಂದರೆ ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ನಾಣ್ಯ ಬಿಚ್ಚಿದರೆ ಸರವೂ ಹೋಯಿತು, ನಾಣ್ಯಕ್ಕೆ ಬೆಲೆಯೂ ಬರಲಿಲ್ಲ.

ಬೆಲೆ ತಿಳಿಯುವ ಬಗೆ ಹೇಗೆ? ಕೇಳುವ ಬೆಲೆ ಬೇರೆ, ಕೈಗೆ ಬರುವ ಬೆಲೆ ಬೇರೆ. ಮಾರುವವನು ಫಲಕದ ಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು. ನಿಜವಾಗಿ ಯಾರಾದರೂ ಹಣ ಎಣಿಸಿ ಕೊಂಡದ್ದೇ ಪೇಟೆಯ ಬೆಲೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬಯಿಯ ಟೋಡಿವಾಲಾ ಆಕ್ಷನ್ಸ್ ಮುಂತಾದವರ ಹರಾಜಿನಲ್ಲಿ ಯಾವ ನಾಣ್ಯ ಯಾವ ದರ್ಜೆಯಲ್ಲಿ ಎಷ್ಟಕ್ಕೆ ಹೋಯಿತೆಂಬುದು ಬಹಿರಂಗವಾಗಿ ಸಿಗುತ್ತದೆ. ನಿಮ್ಮ ನಾಣ್ಯದಂಥದೇ ಇಸವಿ, ಅಂಥದೇ ದರ್ಜೆ ಹುಡುಕಿ, ಒಂದಕ್ಕಿಂತ ಹೆಚ್ಚು ಸಲದ ಬೆಲೆ ನೋಡಿ. ಹರಾಜಿನವರ ದಲಾಲಿಯನ್ನು ಕಳೆಯಿರಿ. ಅಂಗಡಿಯವನಿಗೆ ಮಾರಿದರೆ ಅವನ ಲಾಭವನ್ನೂ ಕಳೆಯಿರಿ, ಅವನೂ ಬದುಕಬೇಕಲ್ಲ. ಉಳಿದದ್ದು ನಿಮ್ಮದು.

ಇಷ್ಟು ಹೇಳಿದ ಮೇಲೆ ಹಳೆಯ ನಾಣ್ಯ, ನೋಟಿಗೆ ಲಕ್ಷ ಕೊಡುತ್ತೇವೆಂದು ಫೋನಿನಲ್ಲಿ ಬರುವ ಮಾತು ಏನೆಂದು ನಿಮಗೇ ತಿಳಿದಿರಬೇಕು. ವೈಷ್ಣೋದೇವಿಯ ಚಿತ್ರವಿರುವ ಐದು ರೂಪಾಯಿ, ಹತ್ತು ರೂಪಾಯಿಯ ನಾಣ್ಯ 2012ರದ್ದು, ಬೇಕಾದಷ್ಟು ಅಚ್ಚಾಗಿದೆ. ಟ್ರ್ಯಾಕ್ಟರ್ ಚಿತ್ರದ ಐದರ ನೋಟು, ನಡುವೆ ತೂತಿರುವ 1943-47ರ ಪೈಸೆ, ಕಮಲದ ಚಿತ್ರದ ಇಪ್ಪತ್ತು ಪೈಸೆ, ಎಲ್ಲವೂ ಕೋಟಿಗಟ್ಟಲೆ ಬಂದವು. ಆ ಇಪ್ಪತ್ತು ಪೈಸೆಯಲ್ಲಿ ಚಿನ್ನವಿದೆ ಎಂಬ ಸುದ್ದಿ ಇನ್ನೂ ಸತ್ತಿಲ್ಲ. ಅದು ಹಿತ್ತಾಳೆಯಂಥ ಮಿಶ್ರಲೋಹ. ಲಕ್ಷ ಕೊಡುತ್ತೇನೆಂದವನು ಮೊದಲು ನೋಂದಣಿ ಶುಲ್ಕ, ಆಮೇಲೆ ತೆರಿಗೆ, ಆಮೇಲೆ ಕಮಿಷನ್ ಎಂದು ನಿಮ್ಮಿಂದಲೇ ಹಣ ಕೀಳುತ್ತಾನೆ. ತನ್ನ ಹೆಸರು ಬಳಸಿ ಹೀಗೆ ಮೋಸ ನಡೆಯುತ್ತಿದೆ, ಹಳೆಯ ನಾಣ್ಯ, ನೋಟುಗಳ ಇಂಥ ವ್ಯವಹಾರಕ್ಕೆ ತಾನು ಯಾರಿಗೂ ಅನುಮತಿ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಸ್ಪಷ್ಟವಾಗಿ ಎಚ್ಚರಿಸಿದೆ. ಕೊಳ್ಳುವವನು ಹಣ ಕೊಡಬೇಕೇ ಹೊರತು ಕೇಳುವಂತಿಲ್ಲ.

ಜಾತ್ರೆಯಲ್ಲಿ, ರಸ್ತೆಬದಿಯಲ್ಲಿ ಕಾಣುವ 1818ರ ಈಸ್ಟ್ ಇಂಡಿಯಾ ಕಂಪನಿಯ ‘ಹನುಮಂತನ ಆಣೆ’, ‘ಕಮಲದ ಆಣೆ’, ‘ಓಂ ಆಣೆ’ಗಳನ್ನು ಕಂಪನಿ ಎಂದೂ ಹೊರಡಿಸಿಲ್ಲ. ರಾಮ ಪಟ್ಟಾಭಿಷೇಕದ ರಾಮಟಂಕಿಗಳು ಪೂಜೆಯ ಬಿಲ್ಲೆಗಳು. ಚಲಾವಣೆಯ ಹಣವಲ್ಲ, ಸಾವಿರಾರು ವರ್ಷ ಹಳೆಯವೂ ಅಲ್ಲ. ಅಕ್ಕಿಯನ್ನು ಎಳೆಯುವ ನಾಣ್ಯವೆಂದು ‘ರೈಸ್ ಪುಲ್ಲಿಂಗ್’ ಹೆಸರಿನಲ್ಲಿ ಹೊಲ ಮಾರಿಸಿದವರಿದ್ದಾರೆ. ಅಂಥ ಶಕ್ತಿ ಯಾವ ಲೋಹಕ್ಕೂ ಇಲ್ಲ. ಶಿವಾಜಿಯ ಚಿನ್ನದ ಹೊನ್ನು ಅತಿ ವಿರಳ, ನಕಲಿಗೆ ಮಾತ್ರ ಬರವಿಲ್ಲ. ‘ಶ್ರೀ ರಾಜಾ ಶಿವ’ ಎಂದು ನಾಗರಿ ಅಕ್ಷರದಲ್ಲಿರುವ ತಾಮ್ರದ ಶಿವರಾಯಿ ನಮ್ಮ ಭಾಗದಲ್ಲಿ ಧಾರಾಳವಾಗಿ ಸಿಗುತ್ತದೆ, ಸಾಮಾನ್ಯವಾಗಿ ಅಸಲಿಯೇ, ಬೆಲೆಯೂ ಕೈಗೆಟುಕುವಂಥದು. ಸಂಗ್ರಹ ಶುರು ಮಾಡುವ ಶಾಲೆಯ ಮಕ್ಕಳಿಗೆ ನಾನು ಅದನ್ನೇ ಹೇಳುತ್ತೇನೆ. ಅನುಮಾನ ಬಂದ ಬೆಳ್ಳಿ ರೂಪಾಯಿಯನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಮೇಲೆ ಹೇಳಿದ ತೂಕಕ್ಕೂ ಅದಕ್ಕೂ ಅರ್ಧ ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಂಚನ್ನು ನೋಡಿ. ಎರಕ ಹೊಯ್ದ ನಕಲಿಯಲ್ಲಿ ಅಂಚಿನ ಸುತ್ತ ಸಣ್ಣ ಸೀಳುಗೆರೆ, ಮೈಯಲ್ಲಿ ಗುಳ್ಳೆಯ ತೂತು ಕಾಣುತ್ತದೆ.

ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯ ತುಂಬಿದ ಮಡಕೆ ಸಿಕ್ಕರೆ ಅದನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ನಿಧಿಯ ಕಾಯ್ದೆ ಹೇಳುತ್ತದೆ; ಬ್ರಿಟಿಷರ ಕಾಲದಲ್ಲಿ 1878ರಲ್ಲೇ ಅಂಥ ಕಾನೂನು ಬಂದಿತ್ತು. ಕಾನೂನಿನ ಭಯಕ್ಕಿಂತ ಹೆಚ್ಚಿನ ಕಾರಣವೊಂದಿದೆ. ಮಡಕೆಯಲ್ಲಿ ಯಾರ ನಾಣ್ಯದ ಜೊತೆ ಯಾರ ನಾಣ್ಯ ಎಷ್ಟಿತ್ತು ಎಂಬುದರಿಂದ ಆ ಊರಿನ ವ್ಯಾಪಾರ, ದಂಡಯಾತ್ರೆ, ಬರಗಾಲ ತಿಳಿಯುತ್ತದೆ. ಹತ್ತು ಜನ ಹಂಚಿಕೊಂಡ ದಿನವೇ ಆ ತಿಳಿವಳಿಕೆ ಹೋಗುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ಅನುಮತಿಯಿಲ್ಲದೆ ಪರದೇಶಕ್ಕೆ ಒಯ್ಯುವುದೂ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅಪರಾಧ. ದುಬೈಗೋ ಅಮೆರಿಕಕ್ಕೋ ಹೊರಟ ಮಕ್ಕಳ ಚೀಲದಲ್ಲಿ ಅಜ್ಜನ ರೂಪಾಯಿ ಇಡುವ ಮುನ್ನ ಇದನ್ನು ನೆನೆಯಿರಿ.

ಮನೆಯಲ್ಲಿರುವುದನ್ನು ಇಡುವ ಬಗೆ ಹೀಗೆ. ಅಂಚು ಮಾತ್ರ ಹಿಡಿಯಿರಿ, ಬೆರಳಿನ ಬೆವರು ತಾಮ್ರಕ್ಕೆ ಶತ್ರು. ಮೆತ್ತನೆಯ ಪಿವಿಸಿ ಚೀಲದಲ್ಲಿ ಹಾಕಬೇಡಿ, ಕೆಲವೇ ವರ್ಷಗಳಲ್ಲಿ ಹಸಿರು ಜಿಗುಟು ಬರುತ್ತದೆ. ಆಮ್ಲವಿಲ್ಲದ ಕಾಗದದ ಪೊಟ್ಟಣ ಮಾಡಿ, ಒಂದಕ್ಕೊಂದು ತಾಗದಂತೆ ಒಣ ಜಾಗದಲ್ಲಿಡಿ. ಪೊಟ್ಟಣದ ಮೇಲೆ ಪೆನ್ಸಿಲಿನಲ್ಲಿ ತೂಕ, ಇಸವಿ, ನಾಣ್ಯ ಸಿಕ್ಕ ಊರು, ಕೊಟ್ಟವರು ಯಾರು ಎಂದು ಬರೆಯಿರಿ. ನಾಳೆ ಕೊಳ್ಳಲು ಬಂದವನು ಅದನ್ನು ಮೊದಲು ಓದುತ್ತಾನೆ. ಮಾರದೇ ಉಳಿಸಿಕೊಂಡರೆ ನಿಮ್ಮ ಮೊಮ್ಮಕ್ಕಳು ಓದುತ್ತಾರೆ.